ಹರಗೋಲು ಕಟ್ಟೆಯ ರೊಟ್ಟಿ ಗಂಟು

ಕಟ್ಟೆಯ ಕೆಳಗೆ ಬಿದ್ದಿದ್ದ ಇಂಜಿನಿಯರನನ್ನು ಮೊದಲು ಕಂಡವಳು ಕಳಕವ್ವ. ಆದರೆ ಜನ ಓಡಿಹೋಗಿ ಕರೆತಂದದ್ದು ಶಾಂಭವಿಯನ್ನು. ಹುಟ್ಟಿದ ಊರಿನಲ್ಲಿ, ಆಡಿ ಬೆಳೆದ ಓಣಿಯ ಜನರೇ ಹೀಗೆ ಮಾಡಿದರೆ ಯಾರ ಮುಂದೆ ಹೇಳಿಕೊಳ್ಳುವುದು?

ಅಂದು ನಾಗರ ಪಂಚಮಿ. ಹೊಳೆಬಸಾಪುರದ ಹೆಂಗಸರು ಹಾಲಿನ ತಂಬಿಗೆ ಹಿಡಿದುಕೊಂಡು ಮಲಪ್ರಭೆಯ ದಂಡೆಯಲ್ಲಿರುವ ನಾಗರಕಲ್ಲಿಗೆ ಬಂದಿದ್ದರು. ಆ ಕಲ್ಲಿನ ಮಗ್ಗುಲಿಂದಲೇ ಹಳೆಯ ಹರಗೋಲು ಕಟ್ಟೆ ಹೊಳೆಯೊಳಗೆ ಚಾಚಿಕೊಂಡಿದೆ. ಕಳಕವ್ವ ಹಾಲೆರೆದು, ಉಳಿದದ್ದನ್ನು ಹೊಳೆಗೆ ಬಿಡಲೆಂದು ಕಟ್ಟೆಯ ಅಂಚಿನಲ್ಲಿ ಬಗ್ಗಿದಾಗ ಕೆಳಗೆ ಕೆಸರಿನಲ್ಲಿ ಒಂದು ಕೈ ಕಂಡಿತು. ಇಂಜಿನಿಯರ ಬಸವಪ್ರಸಾದ ಅಲ್ಲಿ ಅಂಗಾತ ಬಿದ್ದಿದ್ದ. ತಲೆ ಒಡೆದು ರಕ್ತ ಕಪ್ಪಾಗಿತ್ತು, ಒಂದು ಕಾಲು ಮುರಿದಿತ್ತು, ಉಸಿರು ಮಾತ್ರ ಆಡುತ್ತಿತ್ತು. ಅವನ ಪಕ್ಕದಲ್ಲೇ ಕಟ್ಟೆಯ ಮೇಲಿನಿಂದ ಜಾರಿದ ದೊಡ್ಡ ಚಪ್ಪಡಿಯೊಂದು ಕೆಸರಿನಲ್ಲಿ ಹೂತಿತ್ತು.

ಗಂಡಸರು ಅವನನ್ನು ಟಂಟಂ ಗಾಡಿಯಲ್ಲಿ ಮಲಗಿಸಿ ರೋಣದ ದವಾಖಾನೆಗೆ ಒಯ್ದರು. ಉಳಿದವರು ಶಾಂಭವಿಯ ಮುಖ ನೋಡುತ್ತ ನಿಂತರು.

ಶಾಂಭವಿ ಕಳಕವ್ವನ ನೆಗೆಣ್ಣಿ, ಮೈದುನನ ಹೆಂಡತಿ. ಇಬ್ಬರೂ ಗಜೇಂದ್ರಗಡದ ಒಂದೇ ಜವಳಿ ವ್ಯಾಪಾರದ ಮನೆಯ ಸೊಸೆಯರು. ಹಿರಿಯಳು ಕಳಕವ್ವ, ಹೆಸರು ಮಾತ್ರ ಕಿರಿಯಳದು. ನರಗುಂದದ ಮದುವೆ ಮನೆಯಲ್ಲಿ ಮಾಯವಾದ ಸರವನ್ನು ಶಾಂಭವಿ ಕುಳಿತಲ್ಲಿಂದಲೇ ಹುಡುಕಿಸಿದ್ದಳು. ಗೋದಾಮಿಗೆ ಬೆಂಕಿ ಇಟ್ಟವರು ಯಾರೆಂದು ಹೇಳಿದ್ದಳು. ಅಂದಿನಿಂದ ಅವರ ಪಡಸಾಲೆಗೆ ಜನ ಬರುವುದೂ, "ಶಾಂಭವಿ ಅಕ್ಕಾರು ಅದಾರೇನ್ರಿ?" ಎಂದು ಕೇಳುವುದೂ, ಕಳಕವ್ವ ಎಲ್ಲರಿಗೂ ಚಹಾ ಮಾಡಿ ತರುವುದೂ ನಡೆದೇ ಇತ್ತು. ಪ್ರತಿ ಪ್ರಕರಣದಲ್ಲೂ ಅವಳು ನೆಗೆಣ್ಣಿಯ ಜೊತೆ ಹೋಗಿದ್ದಳು, ಬಿಸಿಲಲ್ಲಿ ನಿಂತಿದ್ದಳು, ಸಾಕ್ಷಿ ಹೇಳಲು ಅಂಜಿದವರನ್ನು ಪುಸಲಾಯಿಸಿದ್ದಳು. ಹೊಗಳುವಾಗ ಮಾತ್ರ ಅವಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈ ಸಲ ಪಂಚಮಿಗೆ ಕರೆಯಲು ಬಂದ ಅಣ್ಣ ಪ್ರಭುಲಿಂಗಪ್ಪನೂ ಹೊಸ್ತಿಲು ದಾಟುವ ಮೊದಲೇ, "ಶಾಂಭವಿ ಅವರೂ ಬರಲಿ. ನಮ್ಮೂರಾಗ ಎಲ್ಲಾರೂ ಅವರನ್ನ ನೋಡಬೇಕಂತಾರ" ಎಂದಿದ್ದ. ತವರೊಂದಾದರೂ ತನ್ನದಾಗಿ ಉಳಿದಿತ್ತು ಎಂದುಕೊಂಡಿದ್ದ ಕಳಕವ್ವನ ಹೊಟ್ಟೆಯಲ್ಲಿ ಅಂದಿನಿಂದ ಕಿಚ್ಚು ಬಿದ್ದಿತ್ತು.

ಇನ್ನು ಕಟ್ಟೆಯ ವಿಷಯ. ಅದನ್ನು ಕಟ್ಟಿಸಿದವನು ಪ್ರಭುಲಿಂಗಪ್ಪನ ಮುತ್ತಜ್ಜ. ಆಗ ಹತ್ತಿ ಅಂಡಿಗೆಗಳು, ಮದುವೆ ದಿಬ್ಬಣಗಳು, ಬಾಣಂತಿಯರು ಎಲ್ಲ ಈ ಕಟ್ಟೆಯಿಂದಲೇ ಹರಗೋಲು ಹತ್ತಿ ಆಚೆ ದಂಡೆಗೆ ಹೋಗುತ್ತಿದ್ದರು. ಸೇತುವೆ ಆದಮೇಲೆ ಹರಗೋಲು ನಿಂತವು, ಕಟ್ಟೆಯ ಮೇಲೆ ಹುಲ್ಲು ಬೆಳೆಯಿತು. ಆಮೇಲಿನ ಮಹಾಪೂರದಲ್ಲಿ ಅದರ ಒಂದು ಮಗ್ಗಲು ಕುಸಿಯಿತು. ದುರಸ್ತಿ ಮಾಡಿ ಉಳಿಸಬೇಕೆಂದು ಪ್ರಭುಲಿಂಗಪ್ಪನ ಕಡೆಯವರು, ಕೆಡವಬೇಕೆಂದು ಕರೆಪ್ಪನ ಕಡೆಯವರು. ಪೂರದ ನೀರು ಕಟ್ಟೆಗೆ ಬಡಿದು ತಿರುಗಿ ಕೆಳಗಿನ ಓಣಿಗೆ ನುಗ್ಗುತ್ತದೆ, ಆ ಕಲ್ಲಿನಿಂದ ದಂಡೆಗೆ ಗೋಡೆ ಕಟ್ಟಿದರೆ ಓಣಿ ಉಳಿಯುತ್ತದೆ ಎನ್ನುವುದು ಕರೆಪ್ಪನ ವಾದ. ಅವನ ಮನೆ ಆ ವರ್ಷ ಮಾಳಿಗೆಯವರೆಗೆ ಮುಳುಗಿತ್ತು. ಊರಿಗೆ ಉಳಿದ ಗುರುತು ಇದೊಂದೇ ಎನ್ನುವುದು ಪ್ರಭುಲಿಂಗಪ್ಪನ ವಾದ. ಇಬ್ಬರ ಮಾತಿನಲ್ಲೂ ಸತ್ಯವಿತ್ತು, ಹಾಗಾಗಿ ಜಗಳ ಮುಗಿಯುತ್ತಲೇ ಇರಲಿಲ್ಲ.

ಕೊನೆಗೆ ಇಂಜಿನಿಯರ ಬಸವಪ್ರಸಾದ ನೋಡಿ ಹೇಳಿದಂತೆ ಕೇಳುವುದೆಂದು ಎರಡೂ ಕಡೆಯವರು ಒಪ್ಪಿದರು. ಪಂಚಮಿಯ ಮರುದಿನ ಗ್ರಾಮಸಭೆ. ಎಲ್ಲರ ಎದುರಿಗೆ ಅವನು ಕಟ್ಟೆಯ ಮೇಲೆ ನಡೆದು, ಪರೀಕ್ಷೆ ಮಾಡಿ, ತೀರ್ಮಾನ ಹೇಳಬೇಕಿತ್ತು. ಹಬ್ಬಕ್ಕೆ ಮೊದಲೇ ಒಮ್ಮೆ ಬಂದು ನೋಡಿದ ಅವನು, "ಮ್ಯಾಲ ಚಂದ ಕಾಣತೈತ್ರಿ. ಒಳಗ ಗಟ್ಟಿ ಐತೋ ಇಲ್ಲೋ ನಂಬಿಕಿ ಇಲ್ಲ" ಅಂದಿದ್ದ. ಪ್ರಭುಲಿಂಗಪ್ಪನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. "ಕಟ್ಟಿ ಕೆಡವು ಅಂತ ಬರದರ, ಅದರ ಜೋಡಿ ನಿನ್ನೂ ಹೊಳಿಗೆ ಹಾಕತೀನಿ" ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟಿದ್ದ.

ಆ ಮಾತು ಈಗ ಎಲ್ಲರ ನೆನಪಿಗೂ ಬಂತು.

ಶಾಂಭವಿ ಸೀರೆಯ ನೆರಿಗೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಬಿದ್ದ ಚಪ್ಪಡಿಯನ್ನು ಸುತ್ತಿ ನೋಡಿದಳು, ಮೇಲೆ ಹತ್ತಿ ಅದು ಕೂತಿದ್ದ ಜಾಗವನ್ನು ಬೆರಳಿನಿಂದ ಸವರಿದಳು. ಹಳೆಯ ಕಾಲದವರು ಚಪ್ಪಡಿ ಚಪ್ಪಡಿಗೆ ಕಬ್ಬಿಣದ ಪಟ್ಟಿ ಹಾಕಿ, ತೂತಿನಲ್ಲಿ ಸೀಸ ಕರಗಿಸಿ ಹೊಯ್ದು ಬಿಗಿದಿದ್ದರು.

"ಅಕ್ಕಾ, ಇಲ್ಲಿ ನೋಡ್ರಿ. ಪಟ್ಟಿ ಇಲ್ಲ. ಉಳಿದ ಕಡೆ ಸೀಸ ಮಸಿ ಹಿಡದೈತಿ, ಇಲ್ಲಿ ಹೊಸಾ ಬೆಳ್ಳಿಗತೆ ಹೊಳೀತೈತಿ. ಯಾರೋ ಈಗಿತ್ತಲಾಗ ಕಬ್ಬಿಣದ ಹಾರಿ ಹಾಕಿ ಕಿತ್ತಾರ."

ಕಳಕವ್ವನಿಗೂ ಅದು ಕಂಡಿತ್ತು, ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಾಂಭವಿ ಹೇಳಿ ಮುಗಿಸಿದ್ದಳು. ಯಾವಾಗಲೂ ಹೀಗೇ ಆಗುತ್ತಿತ್ತು.

ಅಷ್ಟರಲ್ಲಿ ಕಟ್ಟೆಯ ಕೆಳಗಿನ ಕಮಾನಿನೊಳಗೆ ತೂರಿದ್ದ ಕರೆಪ್ಪ ಒಂದು ಗಂಟು ಹಿಡಿದು ಹೊರಬಂದ. ಹಳೆಯ ಬಿಳಿ ವಸ್ತ್ರದಲ್ಲಿ ಕಟ್ಟಿದ ಬುತ್ತಿ. ಅದನ್ನು ಬಿಚ್ಚಿದರೆ ತೆಳ್ಳನೆಯ ಸಜ್ಜೆ ರೊಟ್ಟಿ, ಮೇಲೆಲ್ಲ ಒತ್ತಾಗಿ ಕರಿ ಎಳ್ಳು.

"ಇದು ಯಾರ ಮನಿ ರೊಟ್ಟಿ ಅಂತ ನಾ ಬಾಯಿಬಿಟ್ಟು ಹೇಳಬೇಕೇನ?" ಎಂದು ಕರೆಪ್ಪ ಸುತ್ತ ನೋಡಿದ.

ಯಾರೂ ಹೇಳಬೇಕಿರಲಿಲ್ಲ. ಕರಿ ಎಳ್ಳನ್ನು ಹಾಗೆ ಒತ್ತುವುದು ಪ್ರಭುಲಿಂಗಪ್ಪನ ಮನೆಯಲ್ಲಿ ಮಾತ್ರ. ಕಳಕವ್ವನ ಅಜ್ಜಿಯ ಕಾಲದಿಂದ ಬಂದ ಕೈ ಅದು. ಅಣ್ಣ ಮುಂಗೋಪಿ ಹೌದು, ಆದರೆ ಒಬ್ಬ ಹುಡುಗನನ್ನು ಕಲ್ಲಿನಿಂದ ಕೆಡವಿ ಇಡೀ ರಾತ್ರಿ ಕೆಸರಿನಲ್ಲಿ ಬಿಟ್ಟು ಬರುವವನಲ್ಲ. ಇದನ್ನು ಪೊಲೀಸರಿಗೆ ಹೇಗೆ ತಿಳಿಸುವುದು?

ಫೌಜದಾರ ಮೆಹಬೂಬಸುಭಾನಿ ಜೀಪಿನಲ್ಲಿ ಬಂದ. ಅವನು ಪಂಚನಾಮೆ ಬರೆಸುವಾಗ ಶಾಂಭವಿ ಗಂಟಿನ ಪಕ್ಕ ಕುಳಿತು, ಎಳ್ಳಿನ ರೊಟ್ಟಿಯನ್ನು ಬೆರಳಿನಿಂದ ಸರಿಸಿದಳು. ಕೆಳಗೆ ಇನ್ನೊಂದು ಬಗೆಯ ರೊಟ್ಟಿ ಇತ್ತು. ಜೋಳದ್ದು, ದಪ್ಪ, ಕಡಕ್ಕಾಗಿ ಒಣಗಿದ್ದು. ಗಂಟಿನಲ್ಲಿದ್ದದ್ದು ಇವೆರಡೇ ಬಗೆ, ಜೊತೆಗೆ ಒಂದಿಷ್ಟು ಗುರೆಳ್ಳು ಚಟ್ನಿ.

"ಅಕ್ಕಾ, ನೀವು ಈ ಓಣ್ಯಾಗ ಬೆಳದವರು. ಇದು ಯಾರ ಮನೀದು ಗೊತ್ತಾಗತೈತೇನ್ರಿ?"

ಕಳಕವ್ವ ಅದರ ಅಂಚು ಮುರಿದು ಮೂಸಿದಳು. ಅಜವಾನ, ಜೊತೆಗೆ ಕುಟ್ಟಿದ ಮೆಣಸು. ಕರೆಪ್ಪನ ಹೆಂಡತಿ ಸುಶೀಲವ್ವನ ರೊಟ್ಟಿ, ಸಂಶಯವೇ ಇಲ್ಲ. ಹೋದ ವರ್ಷದವರೆಗೆ ಪ್ರತಿ ಪಂಚಮಿಗೂ ಆ ರೊಟ್ಟಿಯ ತಟ್ಟೆ ತವರಿಗೆ ಬರುತ್ತಿತ್ತು.

ಒಂದೇ ಕ್ಷಣದಲ್ಲಿ ಅವಳ ತಲೆಯಲ್ಲಿ ಎಲ್ಲ ಕೂಡಿಕೊಂಡಿತು. ಕರೆಪ್ಪನೇ ಮಾಡಿದ್ದು. ಕಟ್ಟೆ ಪೊಳ್ಳು ಎಂದು ತೋರಿಸಲು ಪಟ್ಟಿ ಕಿತ್ತ, ಅಣ್ಣನ ಮೇಲೆ ಬರಲಿ ಎಂದು ಎಳ್ಳಿನ ರೊಟ್ಟಿ ಇಟ್ಟ, ತನ್ನ ಮನೆಯ ರೊಟ್ಟಿ ಮರೆತ. ಇದು ಗೊತ್ತಿರುವುದು ಈಗ ತನಗೊಬ್ಬಳಿಗೇ. ಹೇಳಿದರೆ ಶಾಂಭವಿ ಎದ್ದು ನಿಂತು ಊರಿಗೆಲ್ಲ ಬಿಡಿಸಿ ಹೇಳುತ್ತಾಳೆ, ಜನ ಬಾಯಿಬಿಟ್ಟು ಕೇಳುತ್ತಾರೆ, ತಾನು ಮತ್ತೆ ಚಹಾ ಕಾಸಬೇಕು. ಒಂದು ಸಲವಾದರೂ, ಅದೂ ಸ್ವಂತ ಅಣ್ಣನ ವಿಷಯದಲ್ಲಿ, ತಾನೇ ಗೆಲ್ಲಬಾರದೇ?

"ರೊಟ್ಟಿ ಅಂದ್ರ ರೊಟ್ಟಿ. ಯಾರ ಮನೀದು ಅಂತ ಹ್ಯಾಂಗ ಹೇಳೋದು?" ಎಂದಳು.

ಶಾಂಭವಿ ಅವಳ ಮುಖ ನೋಡಿ, ಗಂಟು ಕಟ್ಟಿ ಎದ್ದಳು.

ಫೌಜದಾರ ಪ್ರಭುಲಿಂಗಪ್ಪನನ್ನು ವಿಚಾರಣೆಗೆಂದು ಮನೆಯ ಮುಂದಿನಿಂದಲೇ ಜೀಪು ಹತ್ತಿಸಿದ. ಹಬ್ಬದ ದಿನ, ಹೊಸ ಧೋತರ ಉಟ್ಟ ಮನುಷ್ಯ, ಇಡೀ ಓಣಿ ನೋಡುತ್ತಿರುವಾಗ ತಲೆ ತಗ್ಗಿಸಿ ಹೋದ. ಅತ್ತಿಗೆ ಅನ್ನಪೂರ್ಣೇಶ್ವರಿ ಅಂಗಳದಲ್ಲಿ ಹಬ್ಬಕ್ಕೆ ಕಟ್ಟಿದ್ದ ಜೋಕಾಲಿಯ ಹಗ್ಗ ಹಿಡಿದುಕೊಂಡು ಅಳತೊಡಗಿದಳು. ಬಾಯಿಯ ತನಕ ಬಂದ ಮಾತನ್ನು ಕಳಕವ್ವ ನುಂಗಿದಳು. ಸಂಜೆಯೊಳಗೆ ತಾನೇ ಅಣ್ಣನನ್ನು ಬಿಡಿಸಿಕೊಂಡು ಬರುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡಳು.

ಸಮಾಧಾನ ಹೇಳಲು ಮೊದಲು ಬಂದವನು ಮಾಲತೇಶ. ಪ್ರಭುಲಿಂಗಪ್ಪನ ಓರಗೆಯವನು, ಕೂಡಿ ಈಜಾಡಿದವನು. ಕಟ್ಟೆ ಉಳಿಸಬೇಕೆಂದು ಊರಿನಲ್ಲಿ ಎಲ್ಲರಿಗಿಂತ ಮೊದಲು ಎದ್ದವನೂ ಅವನೇ. ವರ್ಷಾನುಗಟ್ಟಲೆ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದ. ಈ ವರ್ಷ ಜೀರ್ಣೋದ್ಧಾರ ಸಮಿತಿ ಆಗಿ ಪ್ರಭುಲಿಂಗಪ್ಪ ಅಧ್ಯಕ್ಷನಾದಾಗ ಗೆಳೆಯನಿಗೆ ಮೊದಲ ಹಾರ ಹಾಕಿದವನೂ ಅವನೇ. ಯುಗಾದಿಯ ಮುಂದೆ ಅವನ ತಾಯಿ ತೀರಿಕೊಂಡಿದ್ದರಿಂದ ಆ ಮನೆಗೆ ಈ ವರ್ಷ ಹಬ್ಬವಿರಲಿಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮುಶಿಗೇರಿಯ ತವರಿಗೆ ಹೋಗಿದ್ದಳು. ಹಿಂದಿನ ದಿನ ರೊಟ್ಟಿ ಪಂಚಮಿಗೆ ಓಣಿಯ ಹೆಂಗಸರು ತಟ್ಟೆ ಹಿಡಿದು ಮನೆಯಿಂದ ಮನೆಗೆ ರೊಟ್ಟಿ ಬೀರುವಾಗ, ಅವನ ಮನೆಗೆ ಕಳಕವ್ವನೇ ಒಯ್ದು ಕೊಟ್ಟು ಬಂದಿದ್ದಳು.

"ಪ್ರಭುಲಿಂಗ ಬರತಾನ, ಅಳಬ್ಯಾಡವ್ವ" ಎಂದು ಮಾಲತೇಶ ಅತ್ತಿಗೆಗೆ ಹೇಳಿದ.

ಅಂಥ ದುಃಖದಲ್ಲೂ ಅತ್ತಿಗೆ ಹಬ್ಬಕ್ಕೆ ಬಂದವನನ್ನು ಬರಿಗೈಲಿ ಕಳಿಸಬಾರದೆಂದು ಎಳ್ಳುಂಡಿ ತಂದು ಕೊಡಹೋದಳು. ಅವನು ಕೈ ಚಾಚಲಿಲ್ಲ. ಹೆಗಲ ಮೇಲಿನ ಟವೆಲಿನ ಸೆರಗು ಒಡ್ಡಿದ. ತಾಯಿ ಸತ್ತ ಮನೆಯವನು, ಏನೋ ನೇಮ ಇದ್ದೀತು ಎಂದು ಕಳಕವ್ವ ಅಂದುಕೊಂಡಳು. ಶಾಂಭವಿ ಕಂಬಕ್ಕೆ ಒರಗಿ ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಕಳಕವ್ವ ಯಾರಿಗೂ ಹೇಳದೆ ಕರೆಪ್ಪನ ಮನೆಗೆ ಹೋದಳು. ಸುಶೀಲವ್ವ ಮನೆಯ ಜಗಲಿಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ನಿನ್ನ ಗಂಡ ಎಲ್ಲೆದಾನ? ಗಂಟಿನ್ಯಾಗ ನಿನ್ನ ಕೈ ರೊಟ್ಟಿ ಸಿಕ್ಕೈತಿ. ಅಜವಾನ, ಮೆಣಸು. ಇಲ್ಲ ಅನ್ನು ನೋಡೂಣು."

ಸುಶೀಲವ್ವ ಜಗ್ಗಲಿಲ್ಲ. "ನನ್ನ ರೊಟ್ಟಿನ ಇರಬೇಕು. ಅದರ ಜೋಡಿ ನಿಮ್ಮ ಮನಿ ಎಳ್ಳಿನ ರೊಟ್ಟೀನೂ ಇತ್ತಲ್ಲ? ಈ ವರ್ಷ ನಿಮ್ಮ ಅತ್ತಿಗಿ ನಮ್ಮ ಮನಿಗೆ ತಟ್ಟಿ ಕಳಿಸ್ಯಾಳೇನ? ಕಟ್ಟಿ ಜಗಳ ಆದಾಗಿಂದ ನಮ್ಮದು ನಿಮಗಿಲ್ಲ, ನಿಮ್ಮದು ನಮಗಿಲ್ಲ. ನಿಮ್ಮ ರೊಟ್ಟಿ ನನ್ನ ಗಂಡಗ ಮುಗಲಿನಿಂದ ಉದುರಿತೇನ?"

"ಕದ್ದಿರಬೇಕು."

"ಮನಿ ತುಂಬ ಮುನ್ನೂರು ರೊಟ್ಟಿ ಇಟಗೊಂಡು ನಿಮ್ಮ ಮನಿ ರೊಟ್ಟಿ ಕದೀಲಿಕ್ಕೆ ನಮಗೇನ ಹಸಿವಿ ಬಂದೈತೇನು? ತವರಿಗೆ ಬಂದೀಯವ್ವ, ಉಂಡು ಸುಖವಾಗಿ ಹೋಗು."

ಅಕ್ಕಪಕ್ಕದ ಹೆಂಗಸರು ನಕ್ಕರು. ಕಳಕವ್ವ ತಲೆ ತಗ್ಗಿಸಿ ಮನೆಗೆ ಬಂದಳು. ಅಣ್ಣ ಠಾಣೆಯಲ್ಲಿ ಕುಳಿತಿದ್ದಾನೆ, ತಾನು ಗೆಲ್ಲಲು ಹೋಗಿ ಬೀದಿಯಲ್ಲಿ ನಗೆಗೀಡಾದದ್ದಾಯಿತು. ಅಡುಗೆಮನೆಯಲ್ಲಿ ಶಾಂಭವಿ ಒಬ್ಬಳೇ ಇದ್ದಳು. ಕಳಕವ್ವ ಗೋಡೆಯ ಕಡೆ ಮುಖ ಮಾಡಿ ಎಲ್ಲವನ್ನೂ ಹೇಳಿದಳು. ರೊಟ್ಟಿ ಗುರುತು ಸಿಕ್ಕಿದ್ದು, ಮುಚ್ಚಿಟ್ಟದ್ದು, ಸುಶೀಲವ್ವ ಅಂದದ್ದು, ಯಾವುದನ್ನೂ ಬಿಡಲಿಲ್ಲ.

ಶಾಂಭವಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಸುಶೀಲವ್ವ ಅಂದದ್ದು ಮತ್ತೊಮ್ಮೆ ಹೇಳ್ರಿ. ತಟ್ಟಿ ಹೋಗೇ ಇಲ್ಲ, ಬಂದೇ ಇಲ್ಲ ಅಂದ್ರ?"

"ಹೌದು."

"ಹಂಗಾದ್ರ ಅಣ್ಣಾರು ಉಳದ್ರು" ಎಂದಳು ಶಾಂಭವಿ. ಆಮೇಲೆ ಅತ್ತಿಗೆಯನ್ನು ಕರೆದು ಒಂದೇ ಪ್ರಶ್ನೆ ಕೇಳಿದಳು. ಈ ವರ್ಷ ಯಾವ ಯಾವ ಮನೆಗೆ ರೊಟ್ಟಿ ಹೋಯಿತು, ಯಾವ ಮನೆಯಿಂದ ತಟ್ಟೆ ಬದಲಿ ರೊಟ್ಟಿ ಇಲ್ಲದೆ ಬರಿದಾಗಿ ವಾಪಸು ಬಂತು? ಅತ್ತಿಗೆ ಹೇಳಿದ್ದನ್ನು ಕೇಳಿಕೊಂಡು ದವಾಖಾನೆಗೆ ಫೋನು ಮಾಡಿದಳು. ಬಸವಪ್ರಸಾದನಿಗೆ ಎಚ್ಚರ ಬಂದಿತ್ತು.

ಮುಂಜಾನೆಯೇ ಹೇಳಿದ್ದರೆ ನಿಮ್ಮಣ್ಣ ಜೀಪು ಹತ್ತುತ್ತಿರಲಿಲ್ಲ ಎಂಬ ಮಾತನ್ನು ಅವಳು ಆಡಲಿಲ್ಲ. ಆಡಿ ಬೈದಿದ್ದರೆ ಕಳಕವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಗ್ರಾಮಸಭೆ ಕಟ್ಟೆಯ ಬಾಯಲ್ಲಿರುವ ಬೇವಿನ ಮರದ ಕೆಳಗೆ ಕೂಡಿತು. ಫೌಜದಾರ ಪ್ರಭುಲಿಂಗಪ್ಪನನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸಿದ್ದ. ಒಂದು ದಿನದಲ್ಲೇ ಅವನ ಮುಖ ಸೊರಗಿತ್ತು. ಒಂದು ಕಡೆ ಕರೆಪ್ಪ, ಸುಶೀಲವ್ವ. ಇನ್ನೊಂದು ಕಡೆ ಮಾಲತೇಶ, ಕೋಲೂರಿಕೊಂಡು ಬಂದ ಕಮರುನ್ನಿಸಾ ಚಾಚಿ, ಓಣಿಯ ಉಳಿದವರು. ಫೌಜದಾರ ತಂದಿದ್ದ ರೊಟ್ಟಿಯ ಗಂಟನ್ನು ಶಾಂಭವಿ ನಡುವೆ ಇಟ್ಟಳು.

"ಮೊದಲ ಒಂದು ಮಾತು. ಇಂಜಿನಿಯರ್ ಸಾಹೇಬ್ರನ್ನ ಯಾರೂ ದೂಡಿಲ್ಲ. ಅವರs ಹೇಳ್ಯಾರ. ಸಭಾದಾಗ ಗದ್ದಲ ಇರತೈತಿ, ಒಬ್ಬನs ಶಾಂತವಾಗಿ ನೋಡೂಣು ಅಂತ ರೊಟ್ಟಿ ಪಂಚಮಿ ಸಂಜಿಮುಂದ ಬಂದ್ರು. ಹಬ್ಬಕ್ಕ ತಮ್ಮೂರು ನರಗುಂದಕ್ಕ ಹೋಗಿರಬೇಕಂತ ಯಾರೂ ಅವರನ್ನ ಹುಡುಕಲಿಲ್ಲ. ಕಟ್ಟಿ ಮ್ಯಾಲ ಕಾಲಿಟ್ಟ ಕೂಡಲೇ ಚಪ್ಪಡಿ ಮಗುಚಿತು."

"ಹಂಗಾದ್ರ ಕಟ್ಟೀನ ಪೊಳ್ಳು" ಎಂದ ಕರೆಪ್ಪ.

"ಅಲ್ರಿ ಕರೆಪ್ಪಣ್ಣಾ. ಆ ಒಂದು ಚಪ್ಪಡಿಯ ಪಟ್ಟಿ ಅಷ್ಟ ಕಿತ್ತಾರ. ಸೀಸ ಇನ್ನೂ ಹೊಳೀತಿತ್ತು, ಅಂದ್ರ ಆ ದಿನಾನ ಕಿತ್ತದ್ದು. ಯಾಕ ಆ ದಿನಾ? ಎಲ್ಲಾರೂ ಮನ್ಯಾಗ ರೊಟ್ಟಿ ಉಣ್ಣೂ ದಿನ, ಹೊಳಿ ಕಡೆ ಯಾರೂ ಬರೂದಿಲ್ಲ. ಮರುದಿನ ಪಂಚಮಿ, ಅವತ್ತು ನಮ್ಮ ಕಡೆ ಯಾರೂ ಹಾರಿ ಗುದ್ದಲಿ ಮುಟ್ಟೂದಿಲ್ಲ. ಸೀಸ ಹೊಯ್ದ ಪಟ್ಟಿ ಕೀಳೂದು ಲಗೂ ಆಗೂ ಕೆಲಸಲ್ಲ, ಅದಕ್ಕ ಬುತ್ತಿ ಕಟಗೊಂಡು ಬಂದಾನ. ಇನ್ನ ಬುತ್ತಿ ನೋಡ್ರಿ."

ಅವಳು ಎರಡು ರೊಟ್ಟಿಗಳನ್ನು ಎತ್ತಿ ಹಿಡಿದಳು.

"ಇದು ಪ್ರಭುಲಿಂಗಪ್ಪ ಅಣ್ಣಾರ ಮನೀದು. ಇದು ಸುಶೀಲವ್ವ ಅಕ್ಕಾರದು. ಇದನ್ನ ಗುರುತು ಹಿಡದವರು ನಮ್ಮ ಕಳಕವ್ವಕ್ಕ. ಅವರು ಹೇಳದಿದ್ರ ನನಗ ದಾರಿನ ಇದ್ದಿದ್ದಿಲ್ಲ. ಈ ವರ್ಷ ಈ ಎರಡು ಮನಿ ನಡುವ ತಟ್ಟಿ ಓಡಾಡಿಲ್ಲ. ಅಂದಮ್ಯಾಲ ಎರಡೂ ರೊಟ್ಟಿ ಒಂದ ಗಂಟಿನ್ಯಾಗ ಇರೂದು ಇವರಿಬ್ಬರ ಮನಿಯಿಂದ ಸಾಧ್ಯಿಲ್ಲ. ಇಬ್ಬರ ಕೂಡಾನೂ ಚಲೋ ಇರೂ ಮೂರನೇ ಮನೀಗೇ ಎರಡೂ ಬಂದಿರತಾವ."

ಸುಶೀಲವ್ವ ಕಳಕವ್ವನ ಕಡೆ ತಿರುಗಿ ಸಣ್ಣಗೆ ತಲೆಯಾಡಿಸಿದಳು.

"ಅಂಥಾ ಮನಿ ಓಣಿ ತುಂಬ ಅದಾವಲ್ಲವ್ವಾ" ಎಂದ ಫೌಜದಾರ.

"ಅದಾವ್ರಿ. ಆದ್ರ ಗಂಟಿನ್ಯಾಗ ಮೂರನೇ ಕೈ ರೊಟ್ಟಿ ಇಲ್ಲ. ಹಬ್ಬ ಮಾಡಿದ ಮನಿಯಿಂದ ಬುತ್ತಿ ಕಟ್ಟಿದ್ರ ತಮ್ಮ ಮನಿ ರೊಟ್ಟಿ ಒಂದರ ಇರತೈತೋ ಇಲ್ಲೋ? ಇದರಾಗ ಬರೇ ಮಂದಿ ಕೊಟ್ಟದ್ದು. ಅಂದ್ರ ಆ ಮನ್ಯಾಗ ಈ ವರ್ಷ ಪಂಚಮಿಗೆ ರೊಟ್ಟಿ ಬಡದಿಲ್ಲ. 'ಎಲ್ಲಿಂದ ತಟ್ಟಿ ಬರಿದ ಬಂತು' ಅಂತ ಅತ್ತಿಗಿಯವರನ್ನ ಕೇಳಿದೆ. ಎರಡ ಮನಿ ಅಂದ್ರು. ಒಂದು ಕಮರುನ್ನಿಸಾ ಚಾಚಿ ಮನಿ."

ಚಾಚಿ ಕೋಲು ಎತ್ತಿ ತೋರಿಸಿದಳು. "ನಾ ಇದನ್ನ ಎತ್ತೂದ ದೊಡ್ಡದು ಆಗೇತವ್ವ. ಹಾರಿ ಎತ್ತತೀನಂದ್ರ ಕೊಡ್ರಿ ನೋಡೂಣು."

ಎಲ್ಲರೂ ನಕ್ಕರು. ಶಾಂಭವಿ ಮಾಲತೇಶನ ಕಡೆ ತಿರುಗಿದಳು.

"ಇನ್ನೊಂದು ನಿಮ್ಮ ಮನಿ ಮಾಲತೇಶಣ್ಣಾರ, ಹಬ್ಬ ಇಲ್ಲಂತ ಎರಡೂ ಕಡೆಯವರು ನಿಮಗ ರೊಟ್ಟಿ ಕೊಟ್ಟಾರ. ನಿನ್ನೆ ಉಂಡಿ ಕೊಟ್ಟಾಗ ಟವಲ್ ಒಡ್ಡಿದ್ರಿ. ಈಗ ಒಂದಿಷ್ಟು ಅಂಗೈ ತೋರಸ್ರಿ."

ಮಾಲತೇಶ ಕೈಗಳನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡಿದ್ದ. ನಿಧಾನವಾಗಿ ತಿರುಗಿಸಿದ. ಎರಡೂ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಕೆಂಪಾಗಿತ್ತು.

"ಮಾಲತೇಶಾ, ನೀನs?" ಎಂದ ಪ್ರಭುಲಿಂಗಪ್ಪ. "ಕಟ್ಟಿ ಉಳಿಸಬೇಕು ಅಂತ ಜೀವಾ ತೇಯ್ದಾಂವ ನೀನು."

"ತೇಯ್ದಾಂವ ನಾನು. ಹಾರ ಬಿದ್ದದ್ದು ನಿನ್ನ ಕೊರಳಿಗೆ." ಮಾಲತೇಶನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನೀ ಒಂದು ದಿನಾನರ ಕಚೇರಿ ಮೆಟ್ಟಲಾ ಹತ್ತೀಯೇನೊ? ಸಮಿತಿ ಮಾಡಿದ್ರು, ಅಧ್ಯಕ್ಷ ಯಾರು ಅಂದ್ರು, ಎಲ್ಲಾರ ಬಾಯಾಗ ನಿನ್ನ ಹೆಸರು. ಪೇಪರಿನ್ಯಾಗ ನಿನ್ನ ಫೋಟೋ. ನಿಮ್ಮ ಮುತ್ತಜ್ಜನ ಹೆಸರಿನ ಕಲ್ಲು ತೊಳದು ಮತ್ತ ನಿಲ್ಲಸ್ತಾರಂತ. ನನ್ನ ಹೆಸರು ಯಾರರ ತಗದ್ರೇನು? ಹಾರ ನಾನ ಹಾಕಿದೆ, ಹಾಕುವಾಗ ಒಳಗ ಸುಡತಿತ್ತು. ನನಗಿಲ್ಲದ್ದು ಇವಗೂ ಬ್ಯಾಡ, ಕಟ್ಟಿ ಹೋಗಲಿ ಅನಸ್ತು. ಇಂಜಿನಿಯರ್ ಕಾಲಿಟ್ಟಾಗ ಕಲ್ಲು ಅಲ್ಲಾಡಿದ್ರ ಸಾಕು, ಕೆಡವು ಅಂತ ಬರೀತಾನ ಅಂತಿದ್ದೆ."

"ಅವರು ಬಂದಾಗ ನೀವು ಕಮಾನಿನ್ಯಾಗ ಇದ್ರಿ" ಎಂದಳು ಶಾಂಭವಿ.

"ಇದ್ದೆ. ಮ್ಯಾಲೆ ಹೆಜ್ಜಿ ಸಪ್ಪಳ ಕೇಳಸ್ತು. 'ನಿಲ್ಲೋ' ಅಂತ ಒಂದು ಮಾತು ಒದರಿದ್ರ ಸಾಕಿತ್ತು. ಒದರಿದ್ರ ನಾ ಸಿಕ್ಕೊಂಡು ಬೀಳತಿದ್ದೆ. ಸುಮ್ಮನ ಕುಂತೆ. ಅಂವ ಬಿದ್ದ. ಗಂಟು ಅಲ್ಲೇ ಬಿಟ್ಟು ಓಡಿದೆ." ಅವನು ಪ್ರಭುಲಿಂಗಪ್ಪನ ಕಡೆ ನೋಡಲಿಲ್ಲ. "ನಿನ್ನ ಜೀಪ್ ಹತ್ತಿಸಿದಾಗೂ ಸುಮ್ಮನ ಇದ್ದೆ."

ಜೀಪು ಹೊರಟಾಗ ಸುಮ್ಮನೆ ನಿಂತವರಲ್ಲಿ ತಾನೂ ಒಬ್ಬಳು ಎಂದು ಕಳಕವ್ವನಿಗೆ ಹೊಳೆಯಿತು. ಅವನು ಕಲ್ಲು ಸಡಿಲಿಸಿದ್ದ, ತಾನು ಸಡಿಲಿಸಿರಲಿಲ್ಲ, ಅಷ್ಟೇ ವ್ಯತ್ಯಾಸ. ಬಾಯಿ ಕಟ್ಟಿದ ಕಿಚ್ಚು ಮಾತ್ರ ಇಬ್ಬರದೂ ಒಂದೇ.

"ಒಂದು ಮಾತು ಕೇಳಿದ್ರ ಅಧ್ಯಕ್ಷಗಿರಿ ನಿನಗ ಕೊಡತಿದ್ದೆನಲ್ಲೋ" ಎಂದ ಪ್ರಭುಲಿಂಗಪ್ಪ.

"ಕೇಳಿ ಇಸಗೊಳ್ಳೂದಲ್ಲ ಅದು" ಎಂದು ಮಾಲತೇಶ ಎದ್ದು, ತಾನೇ ಹೋಗಿ ಜೀಪಿನಲ್ಲಿ ಕುಳಿತ.

ಜೀಪು ಹೋದಮೇಲೆ ಶಾಂಭವಿ ಇಂಜಿನಿಯರ ಕಳಿಸಿದ ಮಾತನ್ನು ಹೇಳಿದಳು. ಪಟ್ಟಿ ಕೀಳಲು ಅಷ್ಟು ಹೊತ್ತು ಬೇಕಾಯಿತೆಂದರೆ ಉಳಿದ ಕಟ್ಟೆ ಗಟ್ಟಿಯಾಗಿಯೇ ಇರಬೇಕು, ಎದ್ದು ಬಂದು ಪೂರ್ತಿ ನೋಡುತ್ತೇನೆ. ಆದರೆ ಪೂರದ ನೀರಿನ ಬಗ್ಗೆ ಕರೆಪ್ಪ ಹೇಳುವುದೂ ನಿಜ, ದಂಡೆಯ ಕಡೆ ಮುಚ್ಚಿಹೋದ ಕಮಾನುಗಳನ್ನು ತೆರೆದು ನೀರಿಗೆ ದಾರಿ ಬಿಡದೆ ದುರಸ್ತಿಗೆ ಕೈ ಹಾಕಬಾರದು.

"ಕಮಾನು ಮೊದಲು ತಗೀತೀರೇನ?" ಎಂದು ಕರೆಪ್ಪ ಕೇಳಿದ.

"ಮೊದಲ ಅದನ್ನ ಮಾಡೂಣು" ಎಂದ ಪ್ರಭುಲಿಂಗಪ್ಪ. "ನೀನ ಮುಂದ ನಿಂತು ಮಾಡಸು. ಹೆಸರಿನ ಕಲ್ಲು ನಿಲ್ಲಸೂದು ಬ್ಯಾಡ. ಯಾರ ಹೆಸರೂ ಬ್ಯಾಡ."

ಕರೆಪ್ಪ ಒಪ್ಪಿದ. ಮಧ್ಯಾಹ್ನ ಸುಶೀಲವ್ವ ಅಜವಾನದ ರೊಟ್ಟಿಯ ತಟ್ಟೆ ಹಿಡಿದು ತಾನಾಗಿಯೇ ಬಂದಳು. ಕಳಕವ್ವ ಎದುರು ಹೋಗಿ ತಟ್ಟೆ ಇಸಿದುಕೊಂಡು, "ನಿನ್ನೆ ನಂದು ತಪ್ಪಾತವ್ವ" ಎಂದಳು. ಸುಶೀಲವ್ವ, "ನನ್ನ ರೊಟ್ಟಿ ಮರತಿಲ್ಲಲ್ಲ ನೀ, ಅಷ್ಟು ಸಾಕು" ಎಂದು ಒಳಗೆ ಬಂದು ಕುಳಿತಳು.

ಮರುದಿನ ಇಬ್ಬರೂ ಗಜೇಂದ್ರಗಡಕ್ಕೆ ಹೊರಟರು. ಅತ್ತಿಗೆ ಮಣೆ ಹಾಕಿ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು ತಂದಿಟ್ಟಳು. "ಶಾಂಭವಿ ಅವರ, ಮೊದಲ ನೀವು ಕೂಡ್ರಿ. ನಮ್ಮ ಮನಿ ಮರ್ಯಾದಿ ಉಳಿಸಿದವರು" ಎಂದಳು.

ಮನೆಮಗಳು ನಿಂತಿರುವಾಗ ಹೊರಗಿನವಳಿಗೆ ಮೊದಲು! ಕಿಚ್ಚು ಒಂದು ದಿನಕ್ಕೆ ಆರುವಂಥದ್ದಲ್ಲ ಎಂದು ಕಳಕವ್ವನಿಗೇ ಗೊತ್ತಾಯಿತು.

ಶಾಂಭವಿ ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ಮೊದಲ ಬೊಗಸೆ ಅಕ್ಕಿ ಬೀಳುತ್ತಲೇ, ಕಳ್ಳರ ಎದುರಿಗೂ ಪೊಲೀಸರ ಎದುರಿಗೂ ಕಣ್ಣು ಮಿಟುಕಿಸದವಳು ತಲೆ ಬಗ್ಗಿಸಿ ಬಿಕ್ಕತೊಡಗಿದಳು.

"ಯಾಕವ್ವಾ?" ಎಂದು ಅತ್ತಿಗೆ ಗಾಬರಿಯಾದಳು.

"ಏನಿಲ್ರಿ. ಅವ್ವ ಹೋದಮ್ಯಾಲ ಯಾರೂ ಉಡಿ ತುಂಬಿದ್ದಿಲ್ಲ. ಪಂಚಮಿಗೆ ಕರೀಲಿಕ್ಕೆ ಬರೂ ಅಣ್ಣ ತಮ್ಮ ಇಲ್ಲ ನನಗ. ಪ್ರತಿ ವರ್ಷ ಅಕ್ಕಾರ ಅಣ್ಣ ಬಂದು ಕರಕೊಂಡು ಹೋಗೂದನ್ನ ನೋಡಿ ಒಳಗ ಹೋಗಿ ಬಾಗಿಲಾ ಹಾಕ್ಕೊತಿದ್ದೆ. ನೋಡಲಿಕ್ಕೆ ಆಗತಿದ್ದಿಲ್ಲ."

ಕಳಕವ್ವನಿಗೆ ನೆನಪಾಯಿತು. ಪ್ರತಿ ಪಂಚಮಿಗೂ ತಾನು ಹೊಸ ಸೀರೆ ಉಟ್ಟು ಅಣ್ಣನ ಹಿಂದೆ ಹೊರಡುವಾಗ ಶಾಂಭವಿ ಹೊರಗೆ ಬರುತ್ತಿರಲಿಲ್ಲ. ಎಷ್ಟು ಸೊಕ್ಕು ಇವಳಿಗೆ, ಹೋಗಿ ಬಾ ಎನ್ನಲೂ ಬರುವುದಿಲ್ಲ ಎಂದು ತಾನು ದಾರಿಯುದ್ದಕ್ಕೂ ಅಣ್ಣನ ಮುಂದೆ ಬೈಯುತ್ತಿದ್ದಳು. ಬಾಗಿಲ ಹಿಂದೆ ಏನಿದ್ದೀತೆಂದು ಒಮ್ಮೆಯೂ ಕೇಳಿರಲಿಲ್ಲ.

ಅತ್ತಿಗೆ ಐದು ಬೊಗಸೆ ಹಾಕಿ, ಕೊಬ್ಬರಿ ಬಟ್ಟಲು ಇಟ್ಟು, ಕುಂಕುಮ ಹಚ್ಚಿ, "ಕಳಕವ್ವಾ, ಈಗ ನೀ ಬಾ" ಎಂದಳು.

"ತಡೀರಿ ಅತ್ತಿಗಿ" ಎಂದು ಕಳಕವ್ವ ಮುಂದೆ ಬಂದು ನೆಗೆಣ್ಣಿಯ ಸೆರಗಿನ ಎರಡೂ ತುದಿ ಹಿಡಿದು ಅಗಲ ಮಾಡಿದಳು. "ಆಕೀಗೆ ಇನ್ನೊಂದು ಬೊಗಸಿ ಹಾಕ್ರಿ."